ಹಾಲು ಡೈರಿಗೆ, ಜೋಮು ಕಾಲಿಗೆ: ಕಲ್ಪತರು ನಾಡಿನ ಬಿ12 ಕಥೆ

ಹೋದ ವರ್ಷ ಮಳೆಗಾಲ ಶುರುವಾಗುವ ಹೊತ್ತು. ಕೊಬ್ಬರಿ ಬೆಲೆಯ ಸುದ್ದಿಗೆಂದು ತಿಪಟೂರು ಎಪಿಎಂಸಿಗೆ ಹೋಗಿದ್ದವನು ವಾಪಸ್ ಬರುವಾಗ ಕೆ.ಬಿ. ಕ್ರಾಸ್‌ನಲ್ಲಿ ಟೀ ಕುಡಿಯೋಣ ಅಂತ ಬೈಕ್ ನಿಲ್ಲಿಸಿದೆ. ಅಂಗಡಿ ಹುಡುಗ ನನ್ನ ಕಾಲು ನೋಡಿ, "ಅಣ್ಣ, ಇನ್ನೊಂದ್ ಚಪ್ಲಿ ಎಲ್ಲೋಯ್ತು?" ಅಂದ.

ನೋಡಿದರೆ ಬಲಗಾಲಲ್ಲಿ ಚಪ್ಪಲಿ ಇಲ್ಲ. ಬೈಕಿನಿಂದ ಅಂಗಡಿಗೆ ಇಪ್ಪತ್ತು ಹೆಜ್ಜೆ ಇರಬಹುದು. ಚಪ್ಪಲಿ ನಡುವೆ ಬಿದ್ದಿತ್ತು. ಜಲ್ಲಿಕಲ್ಲಿನ ಮೇಲೆ ಬರಿಗಾಲಲ್ಲೇ ನಡೆದು ಬಂದಿದ್ದೆ. ಕಾಲಿಗೆ ಅದು ಗೊತ್ತೇ ಆಗಿರಲಿಲ್ಲ.

ಹುಡುಗ ನಕ್ಕ, ನಾನೂ ನಕ್ಕೆ. ಆದರೆ ಆ ಟೀ ಗಂಟಲಲ್ಲಿ ಇಳಿಯಲಿಲ್ಲ.

ಈ ಬ್ಲಾಗಿನಲ್ಲಿ ಇಷ್ಟು ದಿನ ಕೊಬ್ಬರಿ ಬೆಂಬಲ ಬೆಲೆ, ಕೆರೆ ನೀರು, ಬಸ್ಸಿಲ್ಲದ ಊರು ಇವುಗಳ ಬಗ್ಗೆ ಬರೆದಿದ್ದೇನೆ. ಇವತ್ತು ನನ್ನ ಕಾಲಿನ ಬಗ್ಗೆ ಬರೆಯುತ್ತಿದ್ದೇನೆ. ಸ್ವಂತ ಕಷ್ಟ ಹೇಳಿಕೊಂಡು ಅಳುವುದಕ್ಕಲ್ಲ. ನನಗೆ ಬಂದದ್ದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಹೆಸರಿಲ್ಲದೆ ಕೂತಿರಬಹುದು ಅಂತ ಅನುಮಾನ. ಹೆಸರು ಗೊತ್ತಾದರೆ ಅರ್ಧ ಗೆದ್ದ ಹಾಗೆ.

ಒಂದು ವರ್ಷ ಕಳೆದುಕೊಂಡೆ

ಚಪ್ಪಲಿ ಬೀಳುವುದಕ್ಕಿಂತ ವರ್ಷದ ಮೊದಲೇ ಪಾದದಲ್ಲಿ ಜೋಮು ಶುರುವಾಗಿತ್ತು. ಮೊದಲು ಹೆಬ್ಬೆರಳು, ಆಮೇಲೆ ಪಾದ ಪೂರ್ತಿ. ಇರುವೆ ಹರಿದಾಡಿದ ಹಾಗೆ, ಕೆಲವು ರಾತ್ರಿ ಕೆಂಡದ ಮೇಲೆ ಇಟ್ಟ ಹಾಗೆ. ನಡೆದರೆ ನೆಲ ಗಟ್ಟಿಯಾಗಿಲ್ಲ, ಹತ್ತಿಯ ಮೇಲೆ ಕಾಲಿಟ್ಟಂತೆ. ನಾಲಿಗೆ ಹುಣ್ಣಾದಂತೆ ಉರಿ. ಯಾವಾಗಲೂ ಸುಸ್ತು. ಬರೆಯಲು ಕೂತರೆ ಗೊತ್ತಿರುವ ಊರಿನ ಹೆಸರೇ ನೆನಪಿಗೆ ಬರುತ್ತಿರಲಿಲ್ಲ.

ಒಬ್ಬರು ಬೈಕ್ ಓಡಿಸಿ ಸೊಂಟದ ನರ ಒತ್ತಿದೆ ಅಂದರು, ಎಕ್ಸ್‌ರೇ ತೆಗೆಸಿದೆ. ಇನ್ನೊಬ್ಬರು ಗ್ಯಾಸ್ ಅಂದರು, ಮಾತ್ರೆ ನುಂಗಿದೆ. ಶುಗರ್ ನೋಡಿಸಿದೆ, ಇರಲಿಲ್ಲ. ಊರ ಹತ್ತಿರದ ಕ್ಲಿನಿಕ್ಕಿನಲ್ಲಿ "ನರಕ್ಕೆ ಶಕ್ತಿ ಬರ್ತದೆ" ಅಂತ ಒಂದು ಕೆಂಪು ಇಂಜೆಕ್ಷನ್ ಕೊಟ್ಟರು. ಎರಡು ವಾರ ಸ್ವಲ್ಪ ಹಗುರ ಅನ್ನಿಸಿತು, ಬಿಟ್ಟೆ. ಅದು ಯಾಕೆ ಹಗುರಾಯಿತು ಅಂತ ಕೊಟ್ಟವರೂ ಯೋಚಿಸಲಿಲ್ಲ, ಚುಚ್ಚಿಸಿಕೊಂಡ ನಾನೂ ಕೇಳಲಿಲ್ಲ. ಸುದ್ದಿಗಾಗಿ ಊರವರನ್ನೆಲ್ಲ ಪ್ರಶ್ನೆ ಕೇಳುವವನು ನನ್ನ ಕಾಲಿನ ಬಗ್ಗೆ ಒಂದು ಪ್ರಶ್ನೆ ಕೇಳಲಿಲ್ಲ.

ಆಮೇಲೆ ಬಚ್ಚಲಮನೆಯಲ್ಲಿ ಬಿದ್ದೆ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ್ದಷ್ಟೇ, ತೂರಾಡಿ ಹಂಡೆಗೆ ಹಣೆ ಬಡಿಯಿತು. ಅಮ್ಮ ಓಡಿ ಬಂದು, "ಯಾಕ್ಲಾ ಮಗ, ತಲೆ ಸುತ್ತಾ?" ಅಂದಳು. ತಲೆ ಸುತ್ತಿರಲಿಲ್ಲ. ಕಣ್ಣು ಮುಚ್ಚಿದ ಕೂಡಲೇ ನನ್ನ ಕಾಲು ಎಲ್ಲಿದೆ ಅನ್ನುವುದೇ ನನಗೆ ತಿಳಿಯಲಿಲ್ಲ.

ಕತ್ತಲಲ್ಲೂ ಅದೇ ಕಥೆ. ನಮ್ಮ ಕಡೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಯಾವಾಗಲೋ ಬರುತ್ತದೆ ಅಂತ ನಿಮಗೆ ಗೊತ್ತು. ಮೋಟರ್ ಹಾಕಲು ತೋಟಕ್ಕೆ ಹೋದವನು ಬದುವಿನ ಮೇಲೆ ಅತ್ತಿತ್ತ ಓಲಾಡಿದ್ದನ್ನು ಪಕ್ಕದ ತೋಟದವರು ಕಂಡಿದ್ದಾರೆ. ಮಾರನೆ ದಿನ ಅರಳಿಕಟ್ಟೆಯಲ್ಲಿ ಮಾತು: "ಪೇಪರ್ನೋನು ಶುರು ಹಚ್ಕೊಂಡವ್ನೆ." ಕುಡಿಯುತ್ತಾನೆ ಅಂತ. ಹೆಂಡತಿಯ ಕಿವಿಗೂ ಅದು ಬಿತ್ತು. ಅವಳು ಏನೂ ಕೇಳಲಿಲ್ಲ. ಆದರೆ ಎರಡು ರಾತ್ರಿ ನಾನು ಬಾಗಿಲು ದಾಟುವಾಗ ಮೂಗು ಅರಳಿಸಿದ್ದು ಕಂಡೆ. ಕಾಲಿನ ಉರಿಗಿಂತ ಆ ನೋಟ ಹೆಚ್ಚು ಉರಿಯಿತು.

ಕೊನೆಗೆ ತುಮಕೂರಿನಲ್ಲಿ ಒಬ್ಬ ವೈದ್ಯರು ಸಿಕ್ಕರು. ಅವರು ಮೊದಲು ಸ್ಕ್ಯಾನ್ ಬರೆಯಲಿಲ್ಲ. ಕವೆಯಂಥ ಒಂದು ಸ್ಟೀಲಿನ ಸಾಧನ ಕುಟ್ಟಿ ಹೆಬ್ಬೆರಳ ಮೂಳೆಯ ಮೇಲಿಟ್ಟು, "ನಡುಗುವುದು ಗೊತ್ತಾಗುತ್ತಾ?" ಅಂದರು. ಗೊತ್ತಾಗಲಿಲ್ಲ. ಕಾಲು ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಲು ಹೇಳಿದರು. ಓಲಾಡಿದೆ, ಹಿಡಿದುಕೊಂಡರು. ಆಮೇಲೆ ಒಂದೇ ಪ್ರಶ್ನೆ: "ಊಟ ಏನು?"

"ಮುದ್ದೆ, ಸಾರು, ಅನ್ನ. ನಾವು ಮೊಟ್ಟೆನೂ ತಿನ್ನಲ್ಲ ಸರ್."

"ಹಾಲು?"

"ಎರಡು ಹಸು ಇದೆ."

"ಹಸು ಇರೋದು ಕೇಳ್ಲಿಲ್ಲ. ನೀವು ಕುಡಿಯೋದೆಷ್ಟು?"

ಉತ್ತರ ಇರಲಿಲ್ಲ. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಬಿ12 ಎರಡಂಕಿಗೆ ಇಳಿದಿತ್ತು. ಒಂದು ಮಿಲಿಲೀಟರ್ ರಕ್ತದಲ್ಲಿ 200 ಪಿಕೋಗ್ರಾಂಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಕೊರತೆ ಅನ್ನುತ್ತಾರೆ.

ಬಿ12 ಅಂದರೇನು?

ಮೋಟರ್‌ಗೆ ಹೋಗುವ ಕೇಬಲ್ ನೋಡಿದ್ದೀರಿ. ಒಳಗೆ ತಂತಿ, ಮೇಲೆ ರಬ್ಬರ್ ಹೊದಿಕೆ. ಹೊದಿಕೆ ಸವೆದರೆ ಕರೆಂಟು ಸರಿಯಾಗಿ ಮುಟ್ಟುವುದಿಲ್ಲ. ನಮ್ಮ ನರಗಳಿಗೂ ಕೊಬ್ಬಿನಂಥ ಒಂದು ಹೊದಿಕೆ ಇದೆ. ಅದು ಗಟ್ಟಿಯಾಗಿ ಉಳಿಯಲು ಬಿ12 ಬೇಕು. ರಕ್ತದ ಕಣ ಬೆಳೆಯಲೂ ಅದೇ ಬೇಕು. ಕೊರತೆಯಾದರೆ ಕೈಕಾಲಿನ ನರ ಹಾಳಾಗುತ್ತದೆ, ಬೆನ್ನುಹುರಿಯೂ ಹಾಳಾಗಬಹುದು. ನೆನಪು, ಮನಸ್ಸು, ಮೂತ್ರದ ಹಿಡಿತದವರೆಗೂ ತೊಂದರೆ ಹೋಗಬಹುದು.

ಬೇಕಾಗಿರುವುದು ಎಷ್ಟು? ದೊಡ್ಡವರಿಗೆ ದಿನಕ್ಕೆ 2ರಿಂದ 2.5 ಮೈಕ್ರೋಗ್ರಾಂ. ಒಂದು ಗ್ರಾಂ ಉಪ್ಪನ್ನು ಹತ್ತು ಲಕ್ಷ ಭಾಗ ಮಾಡಿ, ಅದರಲ್ಲಿ ಎರಡೋ ಮೂರೋ ಭಾಗ ತೆಗೆದುಕೊಂಡಷ್ಟು. ಅಷ್ಟು ಸಾಕು, ಆದರೆ ಅಷ್ಟು ಬೇಕೇ ಬೇಕು. ಲಿವರಿನಲ್ಲಿ ಕೆಲವು ವರ್ಷಕ್ಕಾಗುವಷ್ಟು ದಾಸ್ತಾನು ಇರುತ್ತದೆ. ಅಟ್ಟದಲ್ಲಿ ಕೊಬ್ಬರಿ ಇಟ್ಟ ಹಾಗೆ. ಅದು ನಿಧಾನವಾಗಿ ಕರಗುತ್ತದೆ, ಖಾಲಿಯಾಗುವವರೆಗೆ ಮನೆಯವರಿಗೆ ಗೊತ್ತಾಗುವುದಿಲ್ಲ.

ಇದನ್ನು ಯಾವ ಗಿಡವೂ ಮಾಡುವುದಿಲ್ಲ, ಯಾವ ಪ್ರಾಣಿಯೂ ಮಾಡುವುದಿಲ್ಲ. ಮಾಡುವುದು ಬ್ಯಾಕ್ಟೀರಿಯಾ. ಹಸು ಮೇವು ತಿನ್ನುತ್ತದೆ, ಅದರ ಹೊಟ್ಟೆಯ ಸೂಕ್ಷ್ಮಾಣುಗಳು ಕೋಬಾಲ್ಟ್ ಎಂಬ ಖನಿಜ ಬಳಸಿ ಬಿ12 ತಯಾರಿಸುತ್ತವೆ, ಅದು ಹಾಲಿಗೂ ಮಾಂಸಕ್ಕೂ ಬರುತ್ತದೆ. ಆ ಇಂಜೆಕ್ಷನ್ ಕೆಂಪಗಿರುವುದು ಬಿ12ನ ಬಣ್ಣದಿಂದಲೇ. ಹಾಗಾಗಿ ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ. ಲಿವರಿನಲ್ಲಿ ಬಹಳ. ರಾಗಿಯಲ್ಲಿ ಇಲ್ಲ. ಹುರುಳಿ, ಅವರೆ, ಸೊಪ್ಪಿನಲ್ಲಿ ಇಲ್ಲ.

ತೆಂಗಿನಕಾಯಲ್ಲೂ ಇಲ್ಲ. ಈ ಮಾತು ನಮ್ಮ ನೆಲದಲ್ಲಿ ಹೇಳಲು ಸಂಕಟವಾಗುತ್ತದೆ. ಕಲ್ಪವೃಕ್ಷ ಅಂತ ಕೈ ಮುಗಿಯುತ್ತೇವೆ, ಸಾರಿಗೆ ಕಾಯಿ, ಒಬ್ಬಟ್ಟಿಗೆ ಕಾಯಿಹಾಲು, ಬಾಯಾರಿದರೆ ಎಳನೀರು. ಎಲ್ಲವೂ ಒಳ್ಳೆಯದೇ. ಆದರೆ ಕಾಯಿಹಾಲು ಹಾಲಲ್ಲ. ಅದರಲ್ಲಿ ಬಿ12 ಇಲ್ಲ.

ಹಾಲು ಎಲ್ಲಿಗೆ ಹೋಗುತ್ತದೆ?

ವೈದ್ಯರ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಮನೆಯಲ್ಲಿ ಒಂದು ವಾರ ಲೆಕ್ಕ ಹಾಕಿದೆ. ಬೆಳಿಗ್ಗೆ ಸಂಜೆ ಹಸು ಕರೆಯುವುದು ಅಮ್ಮ. ಕ್ಯಾನು ಡೈರಿಗೆ. ಉಳಿಸಿಕೊಳ್ಳುವುದು ಅರ್ಧ ಲೀಟರ್ ಚಿಲ್ಲರೆ. ಅದರಲ್ಲಿ ಐದು ಜನರ ಕಾಫಿ, ಬಂದವರ ಕಾಫಿ, ಮಗುವಿಗೆ ಒಂದು ಲೋಟ, ಉಳಿದದ್ದಕ್ಕೆ ಹೆಪ್ಪು. ಮೊಸರು ಮಜ್ಜಿಗೆಯಾಗಿ, ಮಜ್ಜಿಗೆ ನೀರಾಗಿ, ಕೊನೆಗೆ ಊಟಕ್ಕೆ ಕೂರುವ ಅಮ್ಮನ ತಟ್ಟೆಗೆ ಬರುವ ಹೊತ್ತಿಗೆ ಬಿಳಿ ಬಣ್ಣ ಮಾತ್ರ.

ಅದಕ್ಕೆ ಬೈಯಲು ಬರುವುದಿಲ್ಲ. ಕೊಬ್ಬರಿ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಬೆಲೆ ಬಿದ್ದರೆ ಅದೂ ಇಲ್ಲ. ಡೈರಿಯ ಬಟವಾಡೆ ತಪ್ಪುವುದಿಲ್ಲ. ಸಂಘದ ಕಂತು, ಮಗುವಿನ ಫೀಸು, ಅಂಗಡಿ ಬಾಕಿ ಎಲ್ಲ ಅದರ ಮೇಲೆ ನಿಂತಿದೆ. ಹಾಲು ಮಾರಬೇಡಿ ಅಂತ ಹೇಳುವ ಯೋಗ್ಯತೆ ನನಗಿಲ್ಲ.

ಆದರೂ ಲೆಕ್ಕ ತಿಳಿದಿರಲಿ. ನೂರು ಮಿಲಿ ಹಸುವಿನ ಹಾಲಿನಲ್ಲಿ ಸುಮಾರು 0.4 ಮೈಕ್ರೋಗ್ರಾಂ ಬಿ12 ಇದೆ, ಕಾಯಿಸಿದಾಗ ಸ್ವಲ್ಪ ಹೋಗುತ್ತದೆ. ಬರೀ ಹಾಲು ಮೊಸರಿನಿಂದಲೇ ಪಡೆಯಬೇಕಾದರೆ ದಿನಕ್ಕೆ ಒಬ್ಬರಿಗೆ ಅರ್ಧ ಲೀಟರಿಗಿಂತ ಹೆಚ್ಚು ಬೇಕು. ಕಾಫಿಗೆ ಬಿಡುವ ನಾಲ್ಕು ಚಮಚ ಲೆಕ್ಕಕ್ಕೆ ಬರುವುದಿಲ್ಲ. ತುಪ್ಪದಲ್ಲಿ ಇಲ್ಲವೇ ಇಲ್ಲ ಅನ್ನಬಹುದು.

ಇನ್ನೊಂದು ವಿಚಾರ. ಹಸು ಚೆನ್ನಾಗಿರಲಿ ಅಂತ ಅದಕ್ಕೆ ಖನಿಜ ಮಿಶ್ರಣ ತಂದು ಹಾಕುತ್ತೇವೆ. ಅದರಲ್ಲಿ ಕೋಬಾಲ್ಟ್ ಇರುತ್ತದೆ, ಬಿ12 ತಯಾರಾಗಲಿ ಅಂತಲೇ. ಹಸುವಿನ ಕೊರತೆಗೆ ವ್ಯವಸ್ಥೆ ಇದೆ. ಹಸು ಕರೆಯುವ ನಮ್ಮಮ್ಮನ ಕೊರತೆಯನ್ನು ಈವರೆಗೆ ಯಾರೂ ಅಳೆದಿರಲಿಲ್ಲ.

ಬಾಡು ತಿನ್ನುವ ಮನೆಯವರು ನಮಗೇನು ಅಂದುಕೊಳ್ಳಬೇಡಿ. ಹಬ್ಬಕ್ಕೆ, ನೆಂಟರು ಬಂದಾಗ, ತಿಂಗಳಿಗೆ ಒಂದೆರಡು ಸಲ ತಿನ್ನುವವರೇ ಹೆಚ್ಚು. ಸೋಮವಾರ, ಶನಿವಾರ, ಶ್ರಾವಣ ಅಂತ ಬಿಟ್ಟ ದಿನ ಬೇರೆ. ಒಂದು ಮೊಟ್ಟೆಯಲ್ಲಿ ಇರುವುದು ಅರ್ಧ ಮೈಕ್ರೋಗ್ರಾಂ ಆಸುಪಾಸು. ಕೊರತೆ ಜಾತಿ ಕೇಳಿಕೊಂಡು ಬರುವುದಿಲ್ಲ, ತಟ್ಟೆಗೆ ದಿನವೂ ಏನು ಬೀಳುತ್ತದೆ ಅನ್ನುವುದನ್ನು ನೋಡಿ ಬರುತ್ತದೆ.

ನಮ್ಮ ಮನೆಯ ಕಥೆ ಮಾತ್ರವಲ್ಲ

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರ ಮೇಲೆ ದೊಡ್ಡ ಅಧ್ಯಯನವೊಂದು ಶುರುವಾಯಿತು. ಅದರಲ್ಲಿ 785 ಮಹಿಳೆಯರ ರಕ್ತ ನೋಡಿದಾಗ ಶೇ. 43 ಮಂದಿಗೆ ಬಿ12 ಕಡಿಮೆ ಇತ್ತು. ಸೊಪ್ಪು ಕಾಳಿನಿಂದ ಬರುವ ಫೋಲಿಕ್ ಆಮ್ಲ ಕಡಿಮೆ ಇದ್ದದ್ದು ಶೇ. 4 ಮಂದಿಗೆ ಮಾತ್ರ. ಬಿ12 ಕಡಿಮೆ ಇದ್ದ ತಾಯಂದಿರಲ್ಲಿ ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಬರುವುದು ಹೆಚ್ಚು ಅನ್ನುವುದೂ ಕಂಡಿತು. 2009ರಲ್ಲಿ ಇದು ಪ್ರಕಟವಾಗಿದೆ. ದೂರದ ದೇಶದ ಕಥೆಯಲ್ಲ, ನಮ್ಮಂತೆಯೇ ಮುದ್ದೆ ಸಾರು ಉಣ್ಣುವ ಸೀಮೆಯದು.

ಪುಣೆಯಲ್ಲಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಳ್ಳಿ ಮತ್ತು ನಗರದ 441 ನಡುವಯಸ್ಸಿನ ಗಂಡಸರನ್ನು ನೋಡಿದರು. ಮೂವರಲ್ಲಿ ಇಬ್ಬರಿಗೆ ಬಿ12 ಕಡಿಮೆ. ಕೇಂದ್ರ ಸರ್ಕಾರದ 2016-18ರ ಮಕ್ಕಳ ಪೌಷ್ಟಿಕಾಂಶ ಸಮೀಕ್ಷೆಯಲ್ಲಿ ಹದಿಹರೆಯದವರಲ್ಲಿ ಶೇ. 31 ಮಂದಿಗೆ ಕೊರತೆ. ರಕ್ತದಲ್ಲಿ ಕಡಿಮೆ ಇದ್ದವರಿಗೆಲ್ಲ ನರ ಹಾಳಾಗುತ್ತದೆ ಅಂತಲ್ಲ. ಆದರೆ ಹಾಳಾಗುವವರು ಬರುವುದು ಇವರೊಳಗಿಂದಲೇ.

ತಾಯಿಯ ಕೊರತೆ ಮಗುವಿಗೂ ದಾಟುತ್ತದೆ. 1962ರಲ್ಲೇ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಇದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದರು. ಕೊರತೆಯಿರುವ ತಾಯಿಯ ಎದೆಹಾಲನ್ನೇ ಕುಡಿದ ಕೂಸುಗಳು ಮಂಕಾಗಿದ್ದವು, ಕಲಿತದ್ದನ್ನು ಮರೆಯುತ್ತಿದ್ದವು, ಚರ್ಮ ಕಪ್ಪಾಗುತ್ತಿತ್ತು. ಬಿ12 ಕೊಟ್ಟಾಗ ಚೇತರಿಸಿಕೊಂಡವು. ಅರವತ್ತು ವರ್ಷ ದಾಟಿದ ತಿಳಿವಳಿಕೆ ಇದು. ನಮ್ಮ ಊರಿನ ಬಾಣಂತಿ ಕೋಣೆಗೆ ಇನ್ನೂ ಬಂದಿಲ್ಲ.

ಬಿಸಾಡಿದ ಅಕ್ಕಿಕಾಳು

2021ರ ಆಗಸ್ಟ್ 15ರಂದು ಪ್ರಧಾನಿ ಘೋಷಿಸಿದ ಮೇಲೆ ರೇಷನ್ ಅಕ್ಕಿಯಲ್ಲಿ ಸಾರವರ್ಧಿತ ಕಾಳು ಬೆರೆಸುವುದು ಶುರುವಾಯಿತು. ನೂರು ಕಾಳಿಗೆ ಒಂದು ಕಾಳು. ಅದರಲ್ಲಿ ಕಬ್ಬಿಣ, ಫೋಲಿಕ್ ಆಮ್ಲ, ಬಿ12. ನಮ್ಮ ಕಡೆ ಆದದ್ದೇನು? "ಪ್ಲಾಸ್ಟಿಕ್ ಅಕ್ಕಿ" ಅಂತ ವಾಟ್ಸಾಪ್‌ನಲ್ಲಿ ವಿಡಿಯೊ ಓಡಾಡಿತು. ಮೊರದಲ್ಲಿ ಹಾಕಿ ಆ ಕಾಳನ್ನೇ ಆರಿಸಿ ಬಿಸಾಡಿದ ಮನೆಗಳನ್ನು ನಾನು ನೋಡಿದ್ದೇನೆ. ನಮ್ಮ ಮನೆಯೂ ಅದರಲ್ಲಿ ಒಂದು.

ತಪ್ಪು ಆರಿಸಿದವರದ್ದಲ್ಲ. ಚೀಲ ಕೊಟ್ಟವರು ಒಂದು ಮಾತು ಹೇಳಲಿಲ್ಲ. ನನ್ನಂಥ ವರದಿಗಾರರೂ "ಪ್ಲಾಸ್ಟಿಕ್ ಅಕ್ಕಿ: ಗ್ರಾಮಸ್ಥರ ಆತಂಕ" ಅಂತ ಸುದ್ದಿ ಕಳಿಸಿ ಕೈ ತೊಳೆದುಕೊಂಡೆವು. ಆತಂಕವನ್ನು ಬರೆದೆವು, ಉತ್ತರವನ್ನು ಬರೆಯಲಿಲ್ಲ. ಆ ಕಾಳಿನಿಂದ ಪೂರ್ತಿ ಕೊರತೆ ನೀಗುತ್ತದೆ ಅಂತಲೂ ಅಲ್ಲ. ಒಂದು ಕೆಜಿ ಅಕ್ಕಿಗೆ ಬೆರೆಸುತ್ತಿದ್ದ ಬಿ12 ಸುಮಾರು 1 ಮೈಕ್ರೋಗ್ರಾಂ. ಮುದ್ದೆ ಮುಖ್ಯವಾದ ಮನೆಯಲ್ಲಿ ದಿನಕ್ಕೆ ಎಷ್ಟು ಅನ್ನ ಉಣ್ಣುತ್ತೇವೆ, ನೀವೇ ಲೆಕ್ಕ ಹಾಕಿ.

ಶುಗರ್ ಮಾತ್ರೆ ತಿನ್ನುವವರು ಗಮನಿಸಿ

ಊಟದಲ್ಲಿ ಇದ್ದರೂ ಕೆಲವರ ಮೈಗೆ ಬಿ12 ಹತ್ತುವುದಿಲ್ಲ. ಹೊಟ್ಟೆಯಲ್ಲಿ ಅದನ್ನು ಹಿಡಿದು ಒಯ್ಯುವ ಒಂದು ವಸ್ತು ತಯಾರಾಗಬೇಕು. ವಯಸ್ಸಾದಂತೆ ಹೊಟ್ಟೆಯ ಈ ಕೆಲಸ ಸೊರಗಬಹುದು. ಕೆಲವರಿಗೆ ಆ ವಸ್ತುವೇ ತಯಾರಾಗದ ಕಾಯಿಲೆ ಇರುತ್ತದೆ. ನೂರು ವರ್ಷದ ಹಿಂದೆ ಆ ಕಾಯಿಲೆ ಬಂದವರು ಉಳಿಯುತ್ತಲೇ ಇರಲಿಲ್ಲ. 1926ರಲ್ಲಿ ಅಮೆರಿಕದ ಮೈನಾಟ್ ಮತ್ತು ಮರ್ಫಿ ಎಂಬ ವೈದ್ಯರು ದಿನವೂ ಲಿವರ್ ತಿನ್ನಿಸಿ ಅಂಥವರನ್ನು ಬದುಕಿಸಿದರು, 1934ರಲ್ಲಿ ಅವರಿಗೆ ನೊಬೆಲ್ ಬಂತು. ಲಿವರಿನೊಳಗಿದ್ದ ಆ ಮದ್ದೇ ಬಿ12 ಅಂತ ಬೇರ್ಪಡಿಸಿದ್ದು 1948ರಲ್ಲಿ. ಇವತ್ತು ಅದು ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಸಾಮಾನ್ಯ ಮಾತ್ರೆ.

ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. 2022ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಇದನ್ನು ಸಾಮಾನ್ಯ ಅಡ್ಡಪರಿಣಾಮ ಅಂತಲೇ ಹೇಳಿ, ಲಕ್ಷಣ ಕಂಡರೆ ಬಿ12 ನೋಡಿ ಅಂತ ವೈದ್ಯರಿಗೆ ಸೂಚಿಸಿತು. ಗ್ಯಾಸ್ ಅಂತ ವರ್ಷಾನುಗಟ್ಟಲೆ ನುಂಗುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮಾತ್ರೆಗಳಿಂದಲೂ ಹೀಗಾಗಬಹುದು. ನಮ್ಮ ಕಡೆ ಕಾಲು ಜೋಮು ಅಂದರೆ "ಶುಗರ್ ಇದ್ಮೇಲೆ ಇದ್ದಿದ್ದೇ" ಅಂತ ಸುಮ್ಮನಾಗುತ್ತಾರೆ. ಶುಗರಿನಿಂದಲೂ ನರ ಹಾಳಾಗುತ್ತದೆ ನಿಜ. ಆದರೆ ಜೊತೆಗೆ ಬಿ12 ಕೊರತೆಯೂ ಇದ್ದರೆ, ಅದು ಸುಲಭವಾಗಿ ಸರಿಮಾಡಬಹುದಾದ ಭಾಗ. ನೋಡದೆ ಬಿಟ್ಟರೆ ಹೇಗೆ?

ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ವೈದ್ಯರನ್ನು ಕೇಳಿ: "ಸರ್, ನನಗೆ ಬಿ12 ಪರೀಕ್ಷೆ ಬೇಕಾ?" ಇಷ್ಟು ಕೇಳಲು ಡಿಗ್ರಿ ಬೇಡ.

ಜೋಮೆಲ್ಲ ಬಿ12 ಅಲ್ಲ ಅನ್ನುವುದೂ ನೆನಪಿರಲಿ. ಸಕ್ಕರೆ, ಥೈರಾಯ್ಡ್, ಹೆಂಡ, ಬೆನ್ನುಮೂಳೆ, ಕೆಲವು ಕಡೆ ನೀರಿನ ಫ್ಲೋರೈಡ್, ಸ್ಪರ್ಶವಿಲ್ಲದ ಮಚ್ಚೆ ಇದ್ದರೆ ಕುಷ್ಠ, ಹೀಗೆ ಕಾರಣ ಹಲವು. ಅದಕ್ಕೇ ಪರೀಕ್ಷೆ ಬೇಕು, ಊಹೆ ಸಾಲದು.

ನರ ಸೋತ ಮೇಲಿನ ಬದುಕು

ನನಗೆ ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಈಗ ತಿಂಗಳಿಗೊಂದು ಇಂಜೆಕ್ಷನ್. ನಾಲಿಗೆಯ ಉರಿ ಹದಿನೈದು ದಿನಕ್ಕೆ ಹೋಯಿತು. ಸುಸ್ತು ತಿಂಗಳೊಳಗೆ ಇಳಿಯಿತು. ಮರೆವು ಕಡಿಮೆಯಾಯಿತು. ಪಾದ ಮಾತ್ರ ಪೂರ್ತಿ ವಾಪಸ್ ಬಂದಿಲ್ಲ. ಬೇಗ ಹಿಡಿದಿದ್ದರೆ ಬರುತ್ತಿತ್ತು ಅಂದರು ವೈದ್ಯರು. ಚಿಕಿತ್ಸೆ ಶುರುವಾಗಿ ತಿಂಗಳುಗಟ್ಟಲೆ ನಿಧಾನಕ್ಕೆ ಸುಧಾರಿಸುತ್ತದೆ, ಒಂದು ಹಂತದ ಮೇಲೆ ನಿಲ್ಲುತ್ತದೆ. ನನ್ನದು ನಿಂತಿದೆ ಅನ್ನಿಸುತ್ತದೆ.

ಹಾಗಾಗಿ ಕೆಲವು ಅಭ್ಯಾಸ ಮಾಡಿಕೊಂಡಿದ್ದೇನೆ. ರಾತ್ರಿ ಮಲಗುವ ಮುಂಚೆ ಎರಡೂ ಪಾದ ತಿರುಗಿಸಿ ನೋಡುತ್ತೇನೆ. ಮುಳ್ಳು ಚುಚ್ಚಿದರೂ ಗೊತ್ತಾಗದ ಕಾಲು, ಕಣ್ಣಲ್ಲೇ ನೋಡಬೇಕು. ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕುತ್ತೇನೆ. ಸ್ನಾನದ ನೀರಿನ ಬಿಸಿಯನ್ನು ಮೊಣಕೈಯಲ್ಲಿ ನೋಡುತ್ತೇನೆ. ಮುಖ ತೊಳೆಯುವಾಗ ಒಂದು ಕೈ ಗೋಡೆಗೆ. ತೋಟಕ್ಕೆ ರಾತ್ರಿ ಹೋಗುವುದು ಬಿಟ್ಟೆ, ಮೋಟರ್ ಹಾಕಲು ಹೆಂಡತಿ ಟಾರ್ಚ್ ಹಿಡಿದು ಹೋಗುತ್ತಾಳೆ. ಕತ್ತಲಾದ ಮೇಲೆ ಬೈಕ್ ಓಡಿಸುವುದಿಲ್ಲ. ಸ್ಟ್ರಿಂಗರ್ ಕೆಲಸ ಗೊತ್ತಲ್ಲ, ಸುದ್ದಿ ಕಳಿಸಿದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ರಾತ್ರಿ ಅಪಘಾತ, ಜಾತ್ರೆ, ಗಲಾಟೆ ಸುದ್ದಿ ಈಗ ಬೇರೆಯವರದ್ದು.

ನನ್ನದು ಕೂತು ಬರೆಯುವ ಕೆಲಸ, ಹೇಗೋ ಸಾಗುತ್ತದೆ. ಮರ ಹತ್ತಿ ಕಾಯಿ ಕೀಳುವವನ ಪಾದಕ್ಕೆ ಹೀಗಾದರೆ? ಕಾಯಿ ಸುಲಿಯುವವನಿಗೆ, ಮಚ್ಚು ಹಿಡಿದು ಕೊಬ್ಬರಿಯ ಚಿಪ್ಪು ಬಿಡಿಸುವ ಹೆಂಗಸಿನ ಬೆರಳಿಗೆ ಸ್ಪರ್ಶ ಹೋದರೆ? ನಮ್ಮ ಸೀಮೆಯ ದುಡಿಮೆಯೆಲ್ಲ ಕೈಬೆರಳು, ಪಾದದ ಹಿಡಿತದ ಮೇಲೆ ನಿಂತಿದೆ. ಅವರು ಬಿದ್ದರೆ "ಕಾಲು ಜಾರಿ ಬಿದ್ದು ಗಾಯ" ಅಂತ ನಾವು ಎರಡು ಸಾಲು ಬರೆಯುತ್ತೇವೆ. ಕಾಲು ಯಾಕೆ ಜಾರಿತು ಅಂತ ಯಾರೂ ಕೇಳುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟು

ಒಂದು. ತಾಲೂಕು ಆಸ್ಪತ್ರೆಗಳಲ್ಲಿ ಬಿ12 ಪರೀಕ್ಷೆ ಬಡವರಿಗೆ ಪುಕ್ಕಟೆ ಸಿಗಬೇಕು. ಅಮ್ಮನಿಗೆ ಮಾಡಿಸಲು ಒಂದು ಸರ್ಕಾರಿ ಆಸ್ಪತ್ರೆಗೆ ಹೋದಾಗ "ಹೊರಗೆ ಮಾಡಿಸ್ಕೊಳ್ಳಿ" ಅಂದರು. ಹೊರಗೆ ಕೊಟ್ಟದ್ದು ಎರಡು ದಿನದ ಕೂಲಿಗಿಂತ ಹೆಚ್ಚು. ಮಾತ್ರೆ ಅಗ್ಗ, ಪರೀಕ್ಷೆ ದುಬಾರಿ. ಎಲ್ಲರಿಗೂ ಪರೀಕ್ಷೆ ಮಾಡಲು ಆಗದಿರಬಹುದು. ಕೈಕಾಲು ಜೋಮು ಇರುವವರು, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿನ್ನುವವರು, ಗರ್ಭಿಣಿಯರು, ವಯಸ್ಸಾದವರು, ಇವರಿಂದಾದರೂ ಶುರುಮಾಡಲಿ.

ಎರಡು. ಹೆಣ್ಣುಮಕ್ಕಳಿಗೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಕಬ್ಬಿಣ, ಫೋಲಿಕ್ ಆಮ್ಲ ಇದೆ, ಬಿ12 ಇಲ್ಲ. ಬಿ12 ಕೊರತೆ ಇದ್ದವರಿಗೆ ಬರೀ ಫೋಲಿಕ್ ಆಮ್ಲವನ್ನೇ ಹೆಚ್ಚಾಗಿ ಕೊಟ್ಟರೆ ರಕ್ತ ಸರಿಯಾದಂತೆ ಕಾಣುತ್ತದೆ, ಒಳಗೆ ನರ ಹಾಳಾಗುವುದು ನಿಲ್ಲುವುದಿಲ್ಲ ಅನ್ನುವುದು ವೈದ್ಯಶಾಸ್ತ್ರದ ಹಳೆಯ ಎಚ್ಚರಿಕೆ. ಆ ಮಾತ್ರೆ ಬೇಡ ಅನ್ನಬೇಡಿ, ಅದು ಬೇಕೇ ಬೇಕು. ಆದರೆ ನಮ್ಮಂಥ ಸೀಮೆಗೆ ಅದರ ಜೊತೆ ಬಿ12 ಸೇರಿಸುವ ಬಗ್ಗೆ ಸರ್ಕಾರ ಯೋಚಿಸಲಿ.

ಮೂರು. ಶಾಲೆಯ ಮೊಟ್ಟೆ. 2022ರಲ್ಲಿ ಅದು ಎಲ್ಲ ಜಿಲ್ಲೆಗೂ ಬಂದಾಗ ನಮ್ಮ ಕಡೆ ಬಿಸಿ ಬಿಸಿ ಚರ್ಚೆಯಾಯಿತು. ತಿನ್ನದ ಮಕ್ಕಳಿಗೆ ಆಗ ಬಾಳೆಹಣ್ಣು, ಚಿಕ್ಕಿ ಕೊಡುತ್ತಿದ್ದರು. ತಿನ್ನುವ ಮಗುವಿಗೆ ಮೊಟ್ಟೆ ಸಿಗಲಿ, ಅದಕ್ಕೆ ಯಾರೂ ಅಡ್ಡಿಯಾಗಬಾರದು. ನನ್ನ ಮಗಳಂತೆ ತಿನ್ನದವರ ಅಪ್ಪ ಅಮ್ಮಂದಿರಿಗೆ ನಿಜ ಹೇಳಲಿ: ಬಾಳೆಹಣ್ಣು, ಚಿಕ್ಕಿಯಲ್ಲಿ ಬಿ12 ಇಲ್ಲ. 2013ರಿಂದ ಕ್ಷೀರಭಾಗ್ಯದಲ್ಲಿ ಕೊಡುವ 150 ಮಿಲಿ ಹಾಲು ಒಳ್ಳೆಯದು, ಅದೊಂದೇ ಸಾಲದು. ನಮ್ಮ ಆಚಾರ ನಾವು ಪಾಲಿಸೋಣ. ಆದರೆ ಆಚಾರ ಪಾಲಿಸುವವರೇ ಹಾಲನ್ನೋ ಮಾತ್ರೆಯನ್ನೋ ಕೊಡುವ ಜವಾಬ್ದಾರಿಯನ್ನೂ ಹೊರಬೇಕು. ಮಾತ್ರೆಯ ಬಿ12 ತಯಾರಿಸುವುದು ಬ್ಯಾಕ್ಟೀರಿಯಾದಿಂದ, ಪ್ರಾಣಿಯಿಂದಲ್ಲ. ಬೇಕಿದ್ದರೆ ಕ್ಯಾಪ್ಸೂಲ್ ಬಿಟ್ಟು ಮಾತ್ರೆಯನ್ನೇ ಕೇಳಿ ಪಡೆಯಿರಿ.

ನಾಲ್ಕು. "ನರಕ್ಕೆ ಶಕ್ತಿ" ಅಂತ ಸಿಕ್ಕ ಸಿಕ್ಕಲ್ಲಿ ಕೆಂಪು ಇಂಜೆಕ್ಷನ್ ಚುಚ್ಚಿಸಿಕೊಳ್ಳುವ ಮುಂಚೆ ರಕ್ತ ಕೊಡಿ. ಮೊದಲೇ ಚುಚ್ಚಿಸಿಕೊಂಡರೆ ಪರೀಕ್ಷೆಯಲ್ಲಿ ಬಿ12 ಚೆನ್ನಾಗಿಯೇ ಕಾಣುತ್ತದೆ, ಕಾಯಿಲೆ ಅಡಗಿಕೊಳ್ಳುತ್ತದೆ. ಕೆಲವು ಬಿ ವಿಟಮಿನ್ ಮಾತ್ರೆಗಳಲ್ಲಿ ಬಿ6 ಜಾಸ್ತಿ ಇರುತ್ತದೆ. ಅದನ್ನು ಬಹಳ ದಿನ ಹೆಚ್ಚು ತಿಂದರೆ ಅದರಿಂದಲೇ ನರಕ್ಕೆ ಪೆಟ್ಟು.

ತೆಂಗಿನ ಮರದ ಸುಳಿ ಬಿಚ್ಚದೆ ಮುದುಡಿಕೊಂಡರೆ, ಗರಿಯ ತುದಿ ಕೊಕ್ಕೆಯಂತೆ ಬಾಗಿದರೆ, ಬೋರಾನ್ ಕೊರತೆ ಅಂತ ನಮ್ಮ ರೈತರು ಈಗ ಗುರುತು ಹಿಡಿಯುತ್ತಾರೆ. ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಕೇಳುತ್ತಾರೆ, ಮಣ್ಣು ಪರೀಕ್ಷೆ ಮಾಡಿಸುತ್ತಾರೆ, ಬುಡಕ್ಕೆ ಐವತ್ತು ಗ್ರಾಂ ಬೋರಾಕ್ಸ್ ಹಾಕುತ್ತಾರೆ. ಅದಕ್ಕೆ ಯಾರೂ ನಾಚಿಕೊಳ್ಳುವುದಿಲ್ಲ, "ಮರ ಕುಡಿದೈತೆ" ಅಂತ ಆಡಿಕೊಳ್ಳುವುದಿಲ್ಲ. ಒಂದು ಮರಕ್ಕೆ ಇಷ್ಟು ತಿಳಿದವರು ನಾವು.

ಅಮ್ಮನ ರಿಪೋರ್ಟ್ ಬಂದಾಗ ಅವಳದ್ದೂ ಕಡಿಮೆಯೇ ಇತ್ತು. ನನ್ನಷ್ಟಲ್ಲ. ಎಷ್ಟು ದಿನದಿಂದ ಪಾದ ಜುಮ್ಮೆನ್ನುತ್ತದೆ ಅಂತ ಕೇಳಿದೆ. "ನಾಕೈದು ವರ್ಷ ಆಯ್ತೇನೋ ಕಣಪ್ಪ. ವಯಸ್ಸಾಯ್ತಲ್ಲ ಅಂತ ಸುಮ್ಕಿದ್ದೆ" ಅಂದಳು. ನಾಲ್ಕೈದು ವರ್ಷ ಒಂದೇ ಸೂರಿನ ಕೆಳಗಿದ್ದು ನಾನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

ಈಗ ಅವಳಿಗೂ ಮಾತ್ರೆ ನಡೆಯುತ್ತಿದೆ. ಡೈರಿಗೆ ಹೋಗುವ ಕ್ಯಾನಿನಿಂದ ಅರ್ಧ ಲೀಟರ್ ಕಡಿಮೆಯಾಗಿದೆ. ಮೊದಲ ದಿನ ಲೋಟ ಹಿಡಿದು, "ಇಷ್ಟ್ ಹಾಲಿಗೆ ಎಷ್ಟ್ ದುಡ್ಡಾಗ್ತಿತ್ತು ಗೊತ್ತೇನ್ಲಾ" ಅಂದಳು. ಗೊತ್ತು ಅಂದೆ. ಗೊಣಗುತ್ತಲೇ ಕುಡಿದಳು.

ನೀವು ಇವತ್ತು ಈ ಬರಹ ಓದಿ ಮುಗಿಸಿದ ಮೇಲೆ ಮನೆಯ ಹಿರಿಯರನ್ನು, ಹೆಂಡತಿಯನ್ನು, ತೋಟದಲ್ಲಿ ದುಡಿಯುವವರನ್ನು ಒಂದು ಮಾತು ಕೇಳಿ: ಕಾಲು ಜೋಮು ಹಿಡಿಯುತ್ತಾ? ಕತ್ತಲಲ್ಲಿ ನಡೆಯಲು ಕಷ್ಟವಾ? ಹೌದು ಅಂದರೆ ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅದನ್ನೇ ಮೊದಲು ಹೇಳಿಸಿ.